‘ತಲುಪಿದೆ’ ಎಂದು ಒತ್ತುವ ಮುನ್ನ

ಜಮಖಂಡಿಯ ಕೊರಿಯರ್ ಕಚೇರಿಯಲ್ಲಿ ನಾನು ಕೂರುತ್ತಿದ್ದ ಜಾಗಕ್ಕೆ ಈಗ ಇಬ್ಬರು ಹುಡುಗಿಯರು ಬಂದಿದ್ದಾರೆ. ಹೋದ ತಿಂಗಳು ಅವರಲ್ಲೊಬ್ಬಳು ಮನೆಗೆ ಬಂದಿದ್ದಳು. ‘ಅಕ್ಕಾರ, ಮಷೀನು ಎಲ್ಲಾ ಹೇಳ್ತೈತಿ. ಮಂದಿ ಮನಿ ಹುಡುಕೂದೊಂದು ಹೇಳೂದಿಲ್ರಿ. ನೀವು ಹ್ಯಾಂಗ ಮಾಡ್ತಿದ್ರಿ, ಒಂದೀಟು ಬರದ ಕೊಡ್ರಿ’ ಅಂದಳು. ಬರೆದು ಕೊಡುವಂಥ ದೊಡ್ಡ ವಿದ್ಯೆ ಇದರಲ್ಲಿ ಏನೂ ಇಲ್ಲ. ಆದರೆ ನಾನು ಮಾಡಿದ ತಪ್ಪುಗಳನ್ನು ಅವಳು ಮತ್ತೊಮ್ಮೆ ಮಾಡುವುದು ಬೇಡ ಅನ್ನಿಸಿತು. ಅದಕ್ಕೇ ಈ ಬರಹ.

ನಾನು ಮೊದಲು ಎಸ್‌ಟಿಡಿ ಬೂತಿನಲ್ಲಿ ಕೆಲಸಕ್ಕಿದ್ದೆ. ಎಲ್ಲರ ಕೈಗೆ ಮೊಬೈಲು ಬಂದ ಮೇಲೆ ಬೂತಿನ ಬಾಗಿಲು ಮುಚ್ಚಿತು. ಅಲ್ಲಿಗೆ ಫೋನು ಮಾಡಲು ಬರುತ್ತಿದ್ದವರಲ್ಲಿ ಕೊರಿಯರ್ ನಡೆಸುವ ಮಲ್ಲಪ್ಪನವರೂ ಒಬ್ಬರು. ಅವರೇ ಕರೆದು ಕೆಲಸ ಕೊಟ್ಟರು. ‘ಸುನಂದಾ, ನಿನ್ನ ದನಿ ಛಲೋ ಐತಿ. ಮಂದೀಗಿ ಫೋನ್ ಹಚ್ಚಿ ಮನಿ ಎಲ್ಲಿ ಅಂತ ಕೇಳೂದು. ಅಷ್ಟ ಕೆಲಸ’ ಅಂದರು. ಆ ‘ಅಷ್ಟ’ ಕೆಲಸದಲ್ಲೇ ನನ್ನ ತಲೆಗೂದಲು ಬೆಳ್ಳಗಾಯಿತು.

ಆಗ ನಮ್ಮದು ಎರಡು ಕೋಣೆಯ ಕಚೇರಿ. ಬೆಳಿಗ್ಗೆ ಬಸ್ಸಿನ ಮೇಲೆ ಒಂದು ಚೀಲ ಬರುತ್ತಿತ್ತು. ಅದರಲ್ಲಿ ಬ್ಯಾಂಕಿನ ಚೆಕ್ ಪುಸ್ತಕಗಳು, ವಕೀಲರಿಗೆ ಬಂದ ಕಾಗದಗಳು, ಬನಹಟ್ಟಿಯ ವ್ಯಾಪಾರಿಗಳಿಗೆ ಬಂದ ನೂಲಿನ ಮಾದರಿಗಳು ಇರುತ್ತಿದ್ದವು. ಎಲ್ಲವನ್ನೂ ಕೈಯಿಂದ ರಿಜಿಸ್ಟರಿಗೆ ಏರಿಸಿ, ಊರಿನ ಪ್ರಕಾರ ಬೇರೆ ಮಾಡಿ, ಮಧ್ಯಾಹ್ನದೊಳಗೆ ಹಂಚಿ ಮುಗಿಸುತ್ತಿದ್ದೆವು.

ಆನ್‌ಲೈನಿನಲ್ಲಿ ತರಿಸಿದ ಮೊದಲ ಪಾರ್ಸಲ್ ಬಂದದ್ದು ಕಾಲೇಜಿನ ಒಬ್ಬ ಮೇಷ್ಟ್ರಿಗೆ. ಗಟ್ಟಿ ರಟ್ಟಿನ ಡಬ್ಬಿ. ಮಲ್ಲಪ್ಪನವರು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು, ಮೂಸಿಯೂ ನೋಡಿದರು. ಮೇಷ್ಟ್ರು ಬಂದಾಗ ನಮ್ಮೆದುರೇ ಬಿಚ್ಚಿಸಿದರು. ಒಳಗೆ ನಾಲ್ಕು ಪುಸ್ತಕಗಳಿದ್ದವು.

‘ಅಂಗಡಿ ನೋಡಿಲ್ಲ, ಅಂಗಡಿಕಾರನ ಮಾರಿ ನೋಡಿಲ್ಲ. ಹ್ಯಾಂಗ ನಂಬಿದ್ರಿ ಸರ?’ ಅಂತ ಮಲ್ಲಪ್ಪನವರು ಕೇಳಿದರು.

‘ಅವನ್ನ ಎಲ್ಲಿ ನಂಬೀನ್ರಿ? ಇಲ್ಲಿ ನೀವದೀರಿ, ತಂದು ಮುಟ್ಟಸ್ತೀರಿ ಅಂತ ತರಿಸೀನಿ’ ಅಂದರು ಮೇಷ್ಟ್ರು.

ಆ ದಿನವೆಲ್ಲ ಮಲ್ಲಪ್ಪನವರು ಶರ್ಟಿನ ಕಾಲರು ಸರಿಮಾಡಿಕೊಳ್ಳುತ್ತಲೇ ಓಡಾಡಿದರು.

ಮೊದಮೊದಲು ವಾರಕ್ಕೊಂದು, ಎರಡು. ಆಮೇಲೆ ದಿನಕ್ಕೊಂದು ಚೀಲ, ಮುಂದೆ ಟೆಂಪೋ. ಪುಸ್ತಕದ ಹಿಂದೆ ಮೊಬೈಲುಗಳು ಬಂದವು, ಅದರ ಹಿಂದೆ ಬಟ್ಟೆ, ಮಿಕ್ಸರು, ಕಬ್ಬಿಗೆ ಔಷಧಿ ಹೊಡೆಯುವ ಪಂಪು. ಒಂದು ದೀಪಾವಳಿಯ ರಿಯಾಯಿತಿ ಮಾರಾಟದಲ್ಲಿ ಕಚೇರಿ ತುಂಬಿ, ಹೊರಗಿನ ಕಟ್ಟೆ ತುಂಬಿ, ಕೊನೆಗೆ ಮಲ್ಲಪ್ಪನವರ ಮನೆಯ ಪಡಸಾಲೆಯೂ ತುಂಬಿತು. ಅವರ ಹೆಂಡತಿ ಡಬ್ಬಿಗಳ ಸಂದಿಯಲ್ಲೇ ಕೂತು ಕಡುಬು ಮಾಡಿದರು. ‘ಹಬ್ಬ ನಮ್ಮದೋ ಕಂಪನೀದೋ?’ ಅಂತ ಅವರು ಕೇಳಿದಾಗ ಗಂಡ ಇನ್ನೊಂದು ಡಬ್ಬಿ ತಂದು ಸಂದಿಗೆ ತುರುಕಿದರು.

ಪಕ್ಕದ ಬಟ್ಟೆ ಅಂಗಡಿಯವರು ಒಂದು ವರ್ಷ ನಮ್ಮ ಜೊತೆ ಮಾತು ಬಿಟ್ಟಿದ್ದರು. ಗಿರಾಕಿಗಳು ಅವರ ಅಂಗಡಿಯಲ್ಲಿ ಸೀರೆ ಹರವಿಸಿ, ಮುಟ್ಟಿ ನೋಡಿ, ನಂತರ ಫೋನಿನಲ್ಲಿ ತರಿಸುತ್ತಾರೆ ಅನ್ನುವುದು ಅವರ ಸಂಕಟ. ಅದು ಸುಳ್ಳೂ ಅಲ್ಲ. ಒಂದು ದಿನ ಅವರೇ ಬನಹಟ್ಟಿ ಮಗ್ಗದ ಹತ್ತು ಸೀರೆಗಳ ಗಂಟು ತಂದು ನನ್ನ ಮೇಜಿನ ಮೇಲಿಟ್ಟರು. ‘ಸುನಂದಾಬಾಯಿ, ಇವು ಅಸ್ಸಾಂಗೂ ಹೋಗ್ತಾವೇನ್ರಿ?’ ಅಂತ ಮೆಲ್ಲಗೆ ಕೇಳಿದರು. ‘ಹೋಗ್ತಾವ್ರಿ ಅಣ್ಣಾರ’ ಅಂದೆ. ಬರುವ ಚೀಲದ ಜೊತೆಗೆ ಹೋಗುವ ಚೀಲವೂ ದಪ್ಪವಾದದ್ದು ಆಗಿನಿಂದ.

ಹೋಗುವ ಚೀಲದಲ್ಲಿ ನಾನು ಮಾಡಿದ ಒಂದು ಅನಾಹುತ ಹೇಳಿಬಿಡುತ್ತೇನೆ. ಮುಧೋಳದ ರೈತರೊಬ್ಬರು ಪುಣೆಗೆ ಬೆಲ್ಲ ಕಳಿಸಲು ತಂದಿದ್ದರು. ಮಳೆಗಾಲ. ಅವರು ಬೆಲ್ಲವನ್ನು ಬರೀ ಕಾಗದದಲ್ಲಿ ಸುತ್ತಿ ಡಬ್ಬಿಗೆ ಹಾಕಿದ್ದರು. ನಾನು ಕೇಳದೆ ಸೀಲು ಹೊಡೆದು, ಕಾಲೇಜು ಪ್ರಮಾಣಪತ್ರಗಳ ಲಕೋಟೆಗಳ ಮೇಲೆ ಇಟ್ಟೆ. ಎರಡು ದಿನದ ರಜೆ ಕಳೆದು ಬಂದು ನೋಡಿದರೆ ಬೆಲ್ಲ ನೀರೊಡೆದು ಲಕೋಟೆಗಳೆಲ್ಲ ಅಂಟಿ ಒಂದೇ ಇಟ್ಟಿಗೆಯಾಗಿದ್ದವು. ಇರುವೆಗಳು ಸಾಲುಗಟ್ಟಿದ್ದವು. ಪುಣ್ಯಕ್ಕೆ ಒಳಗಿನ ಪ್ರಮಾಣಪತ್ರಗಳು ಪ್ಲಾಸ್ಟಿಕ್ಕಿನಲ್ಲಿದ್ದವು. ಅಂದಿನಿಂದ ಡಬ್ಬಿಯಲ್ಲಿ ಏನಿದೆ ಎಂದು ಕೇಳದೆ ನಾನು ಸೀಲು ಹೊಡೆದಿಲ್ಲ.

ಇನ್ನು ಮನೆ ಹುಡುಕುವ ಮಾತು.

ಬನಹಟ್ಟಿಗೆ ಫೋನು ಮಾಡುವವರು ಒಂದು ತಿಳಿದಿರಬೇಕು. ಅಲ್ಲಿ ಮಗ್ಗ ನಡೆಯುವಾಗ ಎದುರಿಗಿದ್ದವನ ಮಾತೇ ಕೇಳಿಸುವುದಿಲ್ಲ, ಫೋನಿನ ಗಂಟೆ ಎಲ್ಲಿ ಕೇಳಬೇಕು? ನಾನು ಮೊದಲ ವರ್ಷ ಐದೈದು ಸಲ ಹಚ್ಚಿ, ಎತ್ತುತ್ತಿಲ್ಲ ಅಂತ ಬರೆದು, ಪಾರ್ಸಲ್ಲು ತಿರುಗಿ ಕಳಿಸಿದ್ದೂ ಇದೆ. ಆಮೇಲೆ ಉಪಾಯ ಹೊಳೆಯಿತು. ಯಾವ ಓಣಿಯಲ್ಲಿ ಯಾವಾಗ ಕರೆಂಟು ತೆಗೆಯುತ್ತಾರೆ ಎಂದು ಬರೆದಿಟ್ಟುಕೊಂಡೆ. ಕರೆಂಟು ಹೋಯಿತೆಂದರೆ ಮಗ್ಗ ನಿಲ್ಲುತ್ತದೆ. ಆಗ ಹಚ್ಚಿದರೆ ಮೊದಲ ಗಂಟೆಗೇ ‘ಹಾಂ, ಹೇಳ್ರಿ’ ಅನ್ನುತ್ತಾರೆ. ಊರಿಗೆಲ್ಲ ಕರೆಂಟು ಹೋದರೆ ಬೇಸರ, ನನಗೊಬ್ಬಳಿಗೆ ಹಬ್ಬ.

ಹಳ್ಳಿಯವರ ವಿಳಾಸದಲ್ಲಿ ‘ಹಣಮಪ್ಪನ ಗುಡಿ ಹತ್ರ’ ಅಂತ ಇರುತ್ತದೆ. ಹಣಮಪ್ಪನ ಗುಡಿ ಇಲ್ಲದ ಊರು ಎಲ್ಲಿದೆ? ಅದಕ್ಕೆ ‘ನಿಮ್ಮ ಮನಿ ಎಲ್ಲೈತ್ರಿ’ ಅಂತ ಕೇಳಬೇಡಿ. ‘ನಿಮ್ಮನ್ನ ಊರಾಗ ಏನಂತ ಕರೀತಾರ್ರಿ’ ಅಂತ ಕೇಳಿ. ಒಂದು ಕ್ಷಣ ನಾಚಿಕೊಂಡು ಹೇಳುತ್ತಾರೆ. ಒಬ್ಬರು ‘ಟ್ರ್ಯಾಕ್ಟರ್ ಶಿವಪ್ಪ’, ಇನ್ನೊಬ್ಬರು ‘ಮುಂಬೈ ಅಜ್ಜಿ’. ಇಂಥ ಹೆಸರುಗಳನ್ನೆಲ್ಲ ಒಂದು ನೋಟುಬುಕ್ಕಿನಲ್ಲಿ ಬರೆಯುತ್ತ ಹೋದೆ. ಬರೆದದ್ದೆಲ್ಲ ಬಾಯಿಪಾಠವಾಯಿತು. ನಮ್ಮ ಡೆಲಿವರಿಯ ಮೌಲಾಲಿ ನನಗಿಂತ ಹತ್ತು ವರ್ಷಕ್ಕೆ ಸಣ್ಣವನು. ಮೊದಲು ಹಳ್ಳಿಗಳಿಗೆ ಪೇಪರು ಹಾಕುತ್ತಿದ್ದ. ಅವನು ದಾರಿಯಲ್ಲಿ ನಿಂತು ಫೋನು ಮಾಡುತ್ತಿದ್ದ, ನಾನು ಕೂತಲ್ಲಿಂದಲೇ ಇಂಥವರ ಮನೆ, ಇಂಥ ಕಡೆ ಎಂದು ಹೇಳುತ್ತಿದ್ದೆ. ಮಲ್ಲಪ್ಪನವರು ಬಂದವರಿಗೆಲ್ಲ ‘ನಮ್ಮ ಸುನಂದಾ ಇದ್ದಲ್ಲಿ ಪುಸ್ತಕಾನೂ ಬ್ಯಾಡ, ಮ್ಯಾಪೂ ಬ್ಯಾಡ’ ಎನ್ನುತ್ತಿದ್ದರು. ಕೇಳಿ ಕೇಳಿ ನನಗೂ ಅದು ಖರೆ ಅನ್ನಿಸಿತ್ತು.

ಮ್ಯಾಪು ಬಂದ ಹೊಸದರಲ್ಲಿ ಬೀಳಗಿ ಕಡೆ ಒಂದು ತಮಾಷೆ ಆಯಿತು. ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗಿದ ಊರುಗಳ ಜನರಿಗೆ ಬೇರೆ ಕಡೆ ಪುನರ್ವಸತಿ ಕೇಂದ್ರ ಕಟ್ಟಿ ಕೊಟ್ಟಿದ್ದಾರೆ. ಎತ್ತರದಲ್ಲಿದ್ದ ಕೆಲವು ಮನೆಗಳು ಮಾತ್ರ ಹಳೆಯ ಜಾಗದಲ್ಲೇ ಉಳಿದಿವೆ. ಹೀಗಾಗಿ ಒಂದೇ ಹೆಸರಿನ ಊರು ಎರಡು ಕಡೆ. ಒಂದನ್ನು ಹಳೇ ಊರು, ಇನ್ನೊಂದನ್ನು ಹೊಸ ಊರು ಎನ್ನುತ್ತಾರೆ. ನಡುವೆ ಆರೇಳು ಕಿಲೋಮೀಟರು. ಆದರೆ ಮ್ಯಾಪಿಗೆ ಇದೆಲ್ಲ ಗೊತ್ತಿರಲಿಲ್ಲ. ಮೌಲಾಲಿ ಒಂದು ಸಲ ಅದು ತೋರಿಸಿದ ಹಾದಿ ಹಿಡಿದು ಹೋಗಿ ಫೋನು ಮಾಡಿದ. ‘ಅಕ್ಕಾರ, ಇನ್ನೂ ಮುನ್ನೂರು ಮೀಟರ್ ಹೋಗು ಅನ್ನಾಕತ್ತೈತ್ರಿ. ಮುಂದ ಬರೇ ನೀರೈತಿ. ಈಸಬೇಕೇನ್ರಿ?’ ನಾನು ನಕ್ಕು, ಹೊಸ ಊರಿನ ದಾರಿ ಹೇಳಿದೆ. ಮ್ಯಾಪಿಗಿಂತ ನಾನೇ ಮೇಲು ಎಂಬ ಸೊಕ್ಕು ಆ ದಿನ ಇನ್ನಷ್ಟು ಏರಿತು.

ಆ ಸೊಕ್ಕು ಇಳಿದದ್ದೂ ಅದೇ ಊರಿನಲ್ಲಿ. ಅದನ್ನು ಹೇಳುವುದಕ್ಕೇ ಇಷ್ಟು ದೂರ ಬಂದೆ.

ಒಂದು ಸೋಮವಾರ ಮಧ್ಯಾಹ್ನ ಮೇಜಿನ ಮೇಲೆ ಪಾರ್ಸಲ್ಲುಗಳ ರಾಶಿ. ಒಂದು ಕೈಯಲ್ಲಿ ಸ್ಕ್ಯಾನ್ ಮಾಡುತ್ತಿದ್ದೆ. ಮೌಲಾಲಿಯ ಫೋನು ಬಂತು. ‘ಅಕ್ಕಾರ, ರೇಣುಕಾ ಪೂಜಾರಿ ಅಂತ ಐತಿ. ಚೀಟಿ ಮ್ಯಾಲ ಊರಿನ ಮುಂದಿಂದು ಅಳಿಸೇತಿ. ಹಳೇ ಊರೋ ಹೊಸ ಊರೋ? ಅವರ ಫೋನ್ ಹತ್ತವಲ್ದು.’

ಹಳೇ ಊರಿನ ರೇಣವ್ವ ನನಗೆ ಗೊತ್ತು, ಅವಳ ಪಾರ್ಸಲ್ಲಿನ ಮೇಲೂ ಅದೇ ಹೆಸರು ಇರುತ್ತಿತ್ತು. ವಯಸ್ಸಾದ ಹೆಂಗಸು. ಬೆಳಗಾವಿಯಲ್ಲಿರುವ ಮಗಳು ಆಗಾಗ ಅವಳಿಗೆ, ಮೊಮ್ಮಗನಿಗೆ ಏನಾದರೂ ತರಿಸುತ್ತಿದ್ದಳು. ಕಂಪ್ಯೂಟರಿನಲ್ಲಿ ವಿಳಾಸ ಅರ್ಧ ಮಾತ್ರ ಕಾಣುತ್ತದೆ. ಪೂರ್ತಿ ನೋಡಬೇಕೆಂದರೆ ಅದರ ಮೇಲೆ ಒಮ್ಮೆ ಒತ್ತಬೇಕು. ನಾನು ಒತ್ತಲಿಲ್ಲ.

‘ಹಳೇ ಊರು. ಗುಡಿ ಹಿಂದ, ರೇಣವ್ವನ ಮನಿ. ಕೊಟ್ಟು ಬಾ’ ಅಂದೆ.

ಅವನು ಕೊಟ್ಟ. ರೇಣವ್ವ ಅವನ ಯಂತ್ರದ ಗಾಜಿನ ಮೇಲೆ ಬೆರಳಿನಿಂದ ಗೀಚಿದಳು. ನನ್ನ ಕಂಪ್ಯೂಟರಿನಲ್ಲಿ ‘ತಲುಪಿದೆ’ ಎಂಬ ಹಸಿರು ಗುರುತು ಬಿತ್ತು.

ಬುಧವಾರ ಬೆಳಿಗ್ಗೆ ಒಬ್ಬಳು ಫೋನು ಮಾಡಿದಳು. ದನಿ ಎಳೆಯದು, ಆದರೆ ಗಟ್ಟಿ. ‘ಅಕ್ಕಾರ, ನಾ ರೇಣುಕಾ ಪೂಜಾರಿ ಮಾತಾಡಾಕತ್ತೀನ್ರಿ, ಹೊಸ ಊರಿಂದ. ನನ್ನ ಮಗೂನ ಬೂಟ ತಲುಪೇತಿ ಅಂತ ಮೊಬೈಲ್‌ದಾಗ ಬಂದೈತಿ. ಯಾರಿಗಿ ತಲುಪಸೀರಿ?’

ಅಭ್ಯಾಸದಂತೆ, ‘ಮನ್ಯಾಗ ಬ್ಯಾರೆ ಯಾರರ ಇಸ್ಕೊಂಡಾರೇನು ಕೇಳ್ರಿ’ ಅಂದೆ.

‘ಮನ್ಯಾಗ ನಾವು ಮೂರ ಮಂದ್ರಿ. ನಾನು, ನಮ್ಮವರು, ಕೂಸು. ಅವು ಸಾದಾ ಬೂಟಲ್ರಿ ಅಕ್ಕಾರ. ನಮ್ಮ ಕೂಸಿಗಿ ಹುಟ್ಟೂತ್ಲೆ ಕಾಲು ಒಳಗ ತಿರುಗಿದ್ವು. ಬಾಗಲಕೋಟಿ ದವಾಖಾನ್ಯಾಗ ವಾರ ವಾರ ಪ್ಲಾಸ್ಟರ್ ಹಾಕಿ ಸರಿ ಮಾಡ್ಯಾರ. ಈಗ ಮಲಗೂವಾಗ ಆ ಬೂಟ ಹಾಕ್ಲೇಬೇಕು. ಹಳೇವು ಸಣ್ಣಾಗಿ ಬೆರಳಿಗಿ ಗಾಯ ಆಗೇತಿ. ಈ ಅಳತಿ ದವಾಖಾನ್ಯಾಗ ಇಲ್ಲಂತ ಡಾಕ್ಟ್ರು ಬರದ ಕೊಟ್ಟು ತರಿಸಿಕೊಳ್ಳಾಕ ಹೇಳಿದ್ರು. ಬಿಟ್ರ ಕಾಲು ಮತ್ತ ತಿರುಗ್ತಾವಂತ್ರಿ.’

ನಾನು ವಿಳಾಸದ ಮೇಲೆ ಒತ್ತಿದೆ. ಅದು ಪೂರ್ತಿ ತೆರೆದುಕೊಂಡಿತು. ಕೊನೆಯ ಸಾಲಿನಲ್ಲಿ ‘ಪುನರ್ವಸತಿ ಕೇಂದ್ರ, ಮೂರನೇ ಓಣಿ, ನೀರಿನ ಟಾಕಿ ಎದುರಿಗೆ’ ಎಂದು ಸ್ಪಷ್ಟವಾಗಿ ಇತ್ತು.

‘ನೋಡಿ ಹೇಳ್ತೀನಿ ತಂಗಿ’ ಅಂತ ಫೋನು ಇಟ್ಟೆ.

ಒಂದು ಮಾತು ಮುಚ್ಚಿಡದೆ ಹೇಳುತ್ತೇನೆ. ನಮಗೆ ಏಜೆನ್ಸಿ ಕೊಟ್ಟ ಕೊರಿಯರ್ ಕಂಪನಿಯ ಲೆಕ್ಕದಲ್ಲಿ ಆ ಪಾರ್ಸಲ್ಲು ಮುಗಿದ ಕಥೆ. ಸಹಿ ಇದೆ, ಹಸಿರು ಗುರುತು ಇದೆ. ರೇಣುಕಾ ದೂರು ಕೊಟ್ಟರೂ ಅದು ಎಲ್ಲೆಲ್ಲೋ ಸುತ್ತಿ, ಸಹಿ ನೋಡಿ, ಬಿದ್ದುಹೋಗುತ್ತದೆ. ನಾನು ಬಾಯಿ ಬಿಟ್ಟರೆ ಮಾತ್ರ ತಪ್ಪು ಹೊರಬರುತ್ತದೆ. ತಪ್ಪು ಮನೆಗೆ ಕೊಟ್ಟದ್ದಕ್ಕೆ ಅದೇ ವರ್ಷ ನಮಗೆ ಕಂಪನಿಯಿಂದ ಒಂದು ಎಚ್ಚರಿಕೆ ಬಂದಿತ್ತು. ಇನ್ನೊಂದಾದರೆ ಏಜೆನ್ಸಿಯೇ ಹೋಗಬಹುದು ಎಂದು ಮಲ್ಲಪ್ಪನವರು ನಮ್ಮೆಲ್ಲರಿಗೆ ಹೇಳಿದ್ದರು. ಅದನ್ನು ನಂಬಿ ಮೌಲಾಲಿಯ ಮನೆ ಇತ್ತು, ನನ್ನ ಮನೆಯೂ ಇತ್ತು. ಚಹಾ ಬಂದು ಆರುವವರೆಗೆ ಸುಮ್ಮನೆ ಕೂತೆ. ಆ ಹೊತ್ತಿನಲ್ಲಿ ನನಗೆ ಬಂದ ಯೋಚನೆಗಳನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ.

ಆಮೇಲೆ ಎದ್ದು ಮಲ್ಲಪ್ಪನವರ ಕೋಣೆಗೆ ಹೋಗಿ ಎಲ್ಲ ಹೇಳಿದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ‘ವಿಳಾಸ ನೋಡ್ಲಿಲ್ಲಾ?’

‘ಇಲ್ರಿ. ಗೊತ್ತೈತಿ ಅಂತ ಹೇಳಿಬಿಟ್ಟೆ.’

‘ಬೈಯೂದು ನಾಳಿ ಬೈತೀನಿ. ಈಗ ಮೌಲಾಲಿ ಕೂಡ ಹೋಗು, ಆ ಕೂಸಿನ ಬೂಟ ಹುಡಿಕ್ಯಾಡಿ ಮುಟ್ಟಿಸಿ ಬಾ. ಕಂಪನೀಗಿ ನಾನ ಬರೀತೀನಿ, ತಪ್ಪು ನಮ್ದ ಅಂತ.’

ಮೌಲಾಲಿಯ ಬೈಕಿನ ಹಿಂದೆ ಕೂತು ಹೊರಟೆ. ಇಷ್ಟು ವರ್ಷ ಫೋನಿನಲ್ಲೇ ದಾರಿ ಹೇಳುತ್ತಿದ್ದ ನಾನು ಆ ದಾರಿಯಲ್ಲಿ ಹೋದದ್ದು ಅದೇ ಮೊದಲು. ಕಬ್ಬಿನ ಟ್ರ್ಯಾಕ್ಟರುಗಳನ್ನು ದಾಟಿ ದಾಟಿ ಹಳೇ ಊರು ಮುಟ್ಟುವಾಗ ಹನ್ನೆರಡು ದಾಟಿತ್ತು.

ರೇಣವ್ವ ಕಟ್ಟೆಯ ಮೇಲೆ ಸಜ್ಜೆ ಹಸನು ಮಾಡುತ್ತಿದ್ದಳು. ಸೋಮವಾರ ಬಂದ ಪಾರ್ಸಲ್ಲು ಎಲ್ಲಿ ಎಂದು ಕೇಳಿದೆ.

‘ಅದನ್ನೇನ್ ಕೇಳ್ತಿ ಯವ್ವಾ! ಮೊಮ್ಮಗಗ ಮಗಳು ಚಪ್ಲಿ ಕಳಸ್ತೀನಂದಿದ್ಲು. ಬಿಚ್ಚಿ ನೋಡಿದ್ರ ಎರಡು ಬೂಟಿಗಿ ನಡುವ ಕಬ್ಬಣ ಹೊಡದು ಕಳಿಸ್ಯಾರ. ಕೂಸಿಗಿ ಬೇಡಿ ಹಾಕೂದಾ? ಅಂಥಾದ್ದ ಮನ್ಯಾಗ ಇಡಬಾರದಂತ ನಿನ್ನೆ ಮೋಡ್ಕಾದಾಂವ ಬಂದಾಗ ಹಾಕಿಬಿಟ್ಟೆ.’

ಮೋಡ್ಕಾದವನು ಎಂದರೆ ಹಳೇ ಕಬ್ಬಿಣ, ಹರಕು ಮುರುಕು ಕೊಳ್ಳುವವನು. ಅವಳು ಒಳಗೆ ಹೋಗಿ ಕೆಂಪು ಪ್ಲಾಸ್ಟಿಕ್ ಬುಟ್ಟಿ ತಂದು ತೋರಿಸಿದಳು. ‘ನೋಡು, ಬದಲಿಗಿ ಈ ಬುಟ್ಟಿ ಕೊಟ್ಟ.’

ಅದು ಯಾರ ಬೂಟು, ಯಾತಕ್ಕೆ ಎಂದು ನಾನು ಹೇಳಿದೆ. ರೇಣವ್ವ ಬುಟ್ಟಿ ಹಿಡಿದುಕೊಂಡೇ ಕಟ್ಟೆಯ ಮೇಲೆ ಕೂತಳು.

‘ಕೂಸಿನ ಕಾಲಿನ ಔಷಧಾ ಅದು? ಅಯ್ಯ ನನ್ನ ಶಿವನ. ನಾ ಏನ್ ಮಾಡಿದೆ...’

‘ನೀವೇನೂ ಮಾಡಿಲ್ಲಬೇ. ಮಾಡಿದಾಕಿ ನಾನು’ ಅಂದೆ.

ಅವಳು ಬುಟ್ಟಿಯನ್ನು ನನ್ನ ಕೈಗೆ ತುರುಕಿದಳು. ‘ತಗೋ, ಇದನ್ನ ಅವನ ಮಾರಿಗಿ ಕೊಟ್ಟು ಬೂಟ ಇಸ್ಕೋರಿ. ಲಗೂನ ಹೋಗ್ರಿ.’

ಮೌಲಾಲಿ ಪೇಪರು ಹಾಕುತ್ತಿದ್ದ ಕಾಲದ ಗುರುತಿನವರಿಗೆಲ್ಲ ಒಂದೊಂದೇ ಫೋನು ಹಚ್ಚಿದ. ನಾಲ್ಕನೆಯವರು, ಪಕ್ಕದ ಊರಿನ ಸಾಲೆಯ ಹತ್ತಿರ ಮೋಡ್ಕಾದವನ ಮೂರು ಗಾಲಿಯ ಟಂಟಂ ನಿಂತಿದೆ ಎಂದರು. ಹೋದೆವು. ಅವನು ಬೇವಿನ ಮರದ ಕೆಳಗೆ ರೊಟ್ಟಿ ಬಿಚ್ಚಿ ಕೂತಿದ್ದ. ಮೌಲಾಲಿ ವಿಷಯ ಹೇಳುತ್ತಲೇ ಅವನು ಉಣ್ಣುವುದನ್ನು ಅಲ್ಲಿಗೇ ಬಿಟ್ಟು ಎದ್ದ.

‘ಬೂಟ ಅದಾವ್ರಿ. ಆದ್ರ ನಡುವಿನ ಪಟ್ಟಿ ಬಿಚ್ಚೀನಿ. ಕಬ್ಬಣದ ಕೂಡ ಹಾಕೀನಿ.’

ಚೀಲದಿಂದ ಎರಡು ಪುಟ್ಟ ಬೂಟುಗಳು ಹೊರಬಂದವು. ಬಿಳಿ ಬಣ್ಣದವು, ಧೂಳು ಹತ್ತಿದ್ದವು. ನನ್ನ ಅಂಗೈಯಲ್ಲಿ ಒಂದು ಹಿಡಿಯುವಷ್ಟು. ಪಟ್ಟಿಗಾಗಿ ಮೂವರೂ ಟಂಟಂನ ಹಿಂಭಾಗಕ್ಕೆ ಕೈ ಹಾಕಿದೆವು. ಸೈಕಲ್ ಚೈನು, ಮುರಿದ ಪಂಪು, ಕಿಟಕಿಯ ಸರಳು, ಹಂಚು, ಕೊಡದ ಕಂಠ. ಗೀರಿ ನನ್ನ ಬೆರಳಿನಿಂದ ರಕ್ತ ಬಂದದ್ದು ಮನೆಗೆ ಹೋದ ಮೇಲೆ ಗೊತ್ತಾಯಿತು. ಕೊನೆಗೆ ಮೌಲಾಲಿ, ‘ಇದ ಏನು ನೋಡ್ರಿ ಅಕ್ಕಾರ’ ಎಂದು ಒಂದು ಪಟ್ಟಿ ಎತ್ತಿದ. ಎರಡೂ ತುದಿಯಲ್ಲಿ ಸಣ್ಣ ಸಣ್ಣ ಅಂಕಿ ಕೊರೆದಿದ್ದರು. ತಿರುಪುಗಳು ಮೋಡ್ಕಾದವನ ಅಂಗಿಯ ಜೇಬಿನಲ್ಲೇ ಇದ್ದವು. ‘ಛಲೋ ತಿರುಪು, ಬೇಕಾಗ್ತಾವಂತ ಇಟ್ಕೊಂಡಿದ್ದೆ’ ಅಂತ ತೆಗೆದು ಕೊಟ್ಟ.

ನಾನು ಕೆಂಪು ಬುಟ್ಟಿ ಮುಂದೆ ಹಿಡಿದೆ. ಅವನು ನೋಡಿ ನಕ್ಕ. ‘ಅಜ್ಜೀಗೆ ಇರ್ಲಿ ಬಿಡ್ರಿ. ಕೂಸಿಂದು ಬೂಟ ಹೋಗಿ ಮುಟ್ಟಸ್ರಿ ಮೊದಲ.’

ಹೊಸ ಊರಿನಲ್ಲಿ ಓಣಿಗಳು ಗೆರೆ ಎಳೆದಂತೆ ನೇರ. ಮೂರನೇ ಓಣಿ, ನೀರಿನ ಟಾಕಿ ಎದುರಿಗೆ. ಯಾರನ್ನೂ ಕೇಳಬೇಕಾಗಲಿಲ್ಲ. ರೇಣುಕಾ ಬಾಗಿಲಲ್ಲೇ ನಿಂತಿದ್ದಳು. ಇಪ್ಪತ್ತೈದರ ಒಳಗಿನ ಹೆಣ್ಣುಮಗಳು. ಸೊಂಟದ ಮೇಲೆ ಒಂದೂವರೆ ವರ್ಷದ ಗಂಡುಕೂಸು. ಅದರ ಹೆಬ್ಬೆರಳಿಗೆ ಹತ್ತಿ ಸುತ್ತಿದ್ದಳು.

‘ತಂಗಿ, ತಪ್ಪು ನಂದು. ವಿಳಾಸ ನೋಡದ ಹೇಳಿದೆ. ಬೂಟ ಬ್ಯಾರೆ ಮನಿಗಿ ಹೋಗಿದ್ವು’ ಅಂದೆ. ಮೋಡ್ಕಾದವನ ಕಥೆಯನ್ನೂ ಬಿಡದೆ ಹೇಳಿದೆ. ಬೈಯಲಿ ಎಂದು ತಲೆ ತಗ್ಗಿಸಿ ನಿಂತೆ.

ಅವಳು ಕೂಸನ್ನು ನನ್ನ ಕೈಗೆ ಕೊಟ್ಟು ಬೂಟುಗಳನ್ನು ಇಸಿದುಕೊಂಡಳು. ಒದ್ದೆ ಬಟ್ಟೆಯಿಂದ ಒಳಗೆ ಹೊರಗೆ ಒರೆಸಿದಳು. ದವಾಖಾನೆಯ ಫೈಲು ತಂದು ನೆಲದ ಮೇಲೆ ಹರವಿದಳು. ತಿರುಪು ಬಿಗಿಯುವ ಪಾನಾ ತಂದಳು.

‘ಕೊಡ್ರಿ ತಂಗಿ, ನಾ ಬಿಗೀತೀನಿ’ ಅಂದ ಮೌಲಾಲಿ.

‘ಬ್ಯಾಡ್ರಿ ಅಣ್ಣಾ. ಎಷ್ಟಕ್ಕ ತಿರುವಿ ಬಿಗೀಬೇಕಂತ ಲೆಕ್ಕ ಐತಿ. ನನಗ ಡಾಕ್ಟ್ರು ಕಲಸ್ಯಾರ.’

ಅವಳು ಫೈಲಿನ ಅಂಕಿ ನೋಡಿದಳು, ಪಟ್ಟಿಯ ಮೇಲಿನ ಅಂಕಿ ನೋಡಿದಳು, ಹಳೇ ಜೋಡಿಯನ್ನು ಪಕ್ಕದಲ್ಲಿಟ್ಟು ಹೋಲಿಸಿದಳು, ಆಮೇಲೆ ಬಿಗಿದಳು. ಫೋಟೋ ತೆಗೆದು ದವಾಖಾನೆಯ ನರ್ಸಿಗೆ ಕಳಿಸಿದಳು. ‘ಸರಿ ಐತಿ’ ಎಂದು ಉತ್ತರ ಬರುವವರೆಗೆ ನಾವು ಮೂವರೂ ಫೋನನ್ನೇ ನೋಡುತ್ತ ಕೂತಿದ್ದೆವು. ನಂತರ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಮೆತ್ತನೆಯ ಕಾಲುಚೀಲ ಹಾಕಿ, ಬೂಟು ತೊಡಿಸಿ, ಹಿಮ್ಮಡಿ ಒತ್ತಿ ನೋಡಿ, ಲಾಡಿ ಕಟ್ಟಿದಳು. ಅದು ಮೊದಲು ಅತ್ತಿತು. ಆಮೇಲೆ ಎರಡೂ ಕಾಲು ಕೂಡಿಸಿ ಎತ್ತಿ ನೆಲಕ್ಕೆ ಬಡಿಯಿತು. ಸದ್ದು ಕೇಳಿ ಅದಕ್ಕೇ ಖುಷಿಯಾಗಿ ಮತ್ತೊಮ್ಮೆ ಬಡಿಯಿತು.

ಆಗ ರೇಣುಕಾ ನಕ್ಕಳು. ‘ಎರಡ ದಿವಸ ಆತ್ರಿ, ನಾ ಕೂಸಿನ ಕಾಲ ಕಾಯ್ಕೋತ ಕುಂತೀನಿ, ಎಲ್ಲಿ ತಿರುಗ್ತಾವೋ ಅಂತ. ಚಾ ಮಾಡ್ತೀನಿ, ಕುಡದ ಹೋಗ್ರಿ ಅಕ್ಕಾರ.’

ಚಹಾ ಕುಡಿದು ಹೊರಟೆವು. ಬರುವಾಗ ಹಳೇ ಊರಿಗೆ ಹೋಗಿ ಬುಟ್ಟಿ ತಿರುಗಿ ಕೊಟ್ಟೆವು. ‘ಬೂಟ ಸಿಕ್ವೇನ?’ ಎಂದು ರೇಣವ್ವ ದೂರದಿಂದಲೇ ಕೂಗಿ ಕೇಳಿದಳು. ಸಿಕ್ಕವೆಂದು ಮೌಲಾಲಿ ಕೈ ಎತ್ತಿದ.

ಮಲ್ಲಪ್ಪನವರು ಹೇಳಿದ ಹಾಗೆ ಮರುದಿನ ಬೈದರು. ಬಾಗಿಲು ಹಾಕಿ, ಕಾಲು ಗಂಟೆ. ಬೈದು ಮುಗಿದ ಮೇಲೆ, ‘ನಾನೂ ನಿನ್ನ ಹೊಗಳಿ ಹೊಗಳಿ ಕೆಡಸೀನಿ’ ಅಂದರು. ಕಂಪನಿಯವರು ಎಚ್ಚರಿಕೆಯ ಪತ್ರ ಕಳಿಸಿದರು. ತಪ್ಪನ್ನು ನಾವೇ ಹೇಳಿ, ಸಾಮಾನು ಮುಟ್ಟಿಸಿದ್ದರಿಂದ ಏಜೆನ್ಸಿ ಉಳಿಯಿತು. ಆ ಪತ್ರ ಬರುವವರೆಗಿನ ಹತ್ತು ದಿನ ನಾನು ಸರಿಯಾಗಿ ಊಟ ಮಾಡಿರಲಿಲ್ಲ. ಪತ್ರ ಓದಿದ ದಿನ ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಮುಂದೆ ಒಟಿಪಿ ಬಂತು. ಗಿರಾಕಿಯ ಮೊಬೈಲಿಗೆ ಅಂಕಿ ಬರಬೇಕು, ಅವರು ಅದನ್ನು ಹೇಳಿದ ಮೇಲೇ ಪಾರ್ಸಲ್ಲು ಕೊಡಬೇಕು. ಡೆಲಿವರಿಯವರೆಲ್ಲ ಗೊಣಗಿದರು. ನೆಟ್‌ವರ್ಕ್ ಇಲ್ಲ, ಮುದುಕರಿಗೆ ಓದಲು ಬರುವುದಿಲ್ಲ, ಹೊತ್ತು ಹೋಗುತ್ತದೆ ಎಂದರು. ಎಲ್ಲವೂ ನಿಜ. ನನಗೆ ಮಾತ್ರ ಹೆಗಲ ಮೇಲಿನ ಮೂಟೆಯನ್ನು ಯಾರೋ ಇನ್ನೊಂದು ಕಡೆಯಿಂದ ಹಿಡಿದಂತಾಯಿತು. ಹುಡುಗಿಯರೇ, ಮಷೀನನ್ನು ಬೈಯಬೇಡಿ. ನೆನಪು ಇರಲಿ, ನೋಟುಬುಕ್ಕೂ ಇರಲಿ. ಆದರೆ ವಿಳಾಸವನ್ನು ಕೊನೆಯ ಸಾಲಿನವರೆಗೆ ಓದಿ.

ನಾನು ಕೆಲಸ ಬಿಟ್ಟದ್ದು ಕಣ್ಣಿನ ಸಲುವಾಗಿ. ಪೊರೆ ತೆಗೆಸಿದ ಮೇಲೆ ದಿನವಿಡೀ ಪರದೆ ನೋಡುವುದು ಬೇಡವೆಂದು ನಾನೇ ನಿರ್ಧರಿಸಿದೆ. ಮಲ್ಲಪ್ಪನವರು ಶಾಲು ಹೊದಿಸಿದರು. ಮೌಲಾಲಿ ಬೈಕಿನ ಮೇಲೆ ಮನೆಗೆ ಬಿಟ್ಟು ಹೋದ.

ಅದಾಗಿ ಒಂದು ವಾರಕ್ಕೆ ರೇಣುಕಾ ಮಗನ ಕೈ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಕಚೇರಿಯಲ್ಲಿ ವಿಚಾರಿಸಿಕೊಂಡು ಬಂದಿದ್ದಳು. ಹುಡುಗ ಹೊಸ್ತಿಲು ದಾಟಿದವನೇ ಅಂಗಳದ ಬೆಕ್ಕಿನ ಹಿಂದೆ ಓಡಿದ. ಅವನ ಕಾಲನ್ನೇ ನೋಡುತ್ತ ನಾನು ಅವಳಿಗೆ ಕೂರು ಎಂದು ಹೇಳುವುದನ್ನೂ ಮರೆತೆ. ಪಾದಗಳು ನೆಟ್ಟಗಿದ್ದವು.

ಅವಳು ಚೀಲದಿಂದ ಆ ಬಿಳಿ ಬೂಟಿನ ಜೋಡಿಯನ್ನು ಪಟ್ಟಿ ಸಮೇತ ತೆಗೆದಳು. ತೊಳೆದು, ಒಣಗಿಸಿ, ಹೊಸ ಲಾಡಿ ಹಾಕಿದ್ದಳು. ‘ಇವು ಇವಂಗ ಸಣ್ಣಾಗಿ ಭಾಳ ದಿನಾತ್ರಿ. ಡಾಕ್ಟ್ರಿಗಿ ತೋರಿಸೀನಿ, ಇನ್ನೊಂದ ಕೂಸಿಗಿ ಬರ್ತಾವಂದ್ರು. ಯಾರಿಗಿ ಬೇಕಾಗ್ಯಾವು, ಅವರ ಮನಿ ಎಲ್ಲೈತಿ, ನೀವ ಹುಡಕಿ ಕೊಡ್ರಿ.’

ದವಾಖಾನೆಯ ನರ್ಸಿಗೆ ಫೋನು ಹಚ್ಚಿದೆ. ರೋಗಿಗಳ ನಂಬರು ಕೊಡುವಂತಿಲ್ಲ, ನಿಮ್ಮ ನಂಬರನ್ನೇ ಬೇಕಾದವರಿಗೆ ಕೊಡುತ್ತೇನೆ ಎಂದರು. ಮೂರನೇ ದಿನ ಮುಧೋಳದಿಂದ ಒಬ್ಬ ತಾಯಿಯ ಫೋನು ಬಂತು. ಕೂಸಿನ ಹೆಸರು, ಪಾದದ ಅಳತೆ, ವಿಳಾಸ ಎಲ್ಲ ಬರೆದುಕೊಂಡು, ಎರಡು ಸಲ ಓದಿ ಹೇಳಿ, ಮರುದಿನ ಬಸ್ಸು ಹತ್ತಿದೆ.

ಮನೆ ಸುಲಭವಾಗಿಯೇ ಸಿಕ್ಕಿತು. ಬಾಗಿಲು ತೆಗೆದವಳಿಗೆ ಮತ್ತೊಮ್ಮೆ ಹೆಸರು ಕೇಳಿದೆ, ಗಂಡನ ಹೆಸರು ಕೇಳಿದೆ, ಕೂಸಿನ ಹೆಸರು ಕೇಳಿದೆ. ಅವಳು ಎಲ್ಲಕ್ಕೂ ಉತ್ತರ ಹೇಳಿ, ಚೀಲ ಇಸಿದುಕೊಂಡು, ‘ಸಹಿ ಎಲ್ಲಿ ಮಾಡ್ಲ್ರಿ?’ ಅಂದಳು.

‘ಸಹಿ ಬ್ಯಾಡ ತಂಗಿ. ಕಾಲಿಗಿ ಹಾಕಿ ತೋರ್ಸು. ನೋಡಿ ಹೋಗ್ತೀನಿ’ ಅಂದೆ.

ಅವಳು ತೊಟ್ಟಿಲಿನಿಂದ ಕೂಸನ್ನು ಎತ್ತಿಕೊಂಡು ಬಂದು ನನ್ನೆದುರಿಗೆ ಕೂತಳು.